ಕಷ್ಟ ಬಂದಾಗ ಮರಳಿದವನನ್ನು ದೇವರು ಕಂಡುಕೊಂಡನೆಂದು ಹೇಳಬಹುದೇ?

ಪ್ರಶ್ನೆ: ನಾನು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ದೀಕ್ಷಾಸ್ನಾನ ಪಡೆದು, ಪ್ರಾರ್ಥನೆಯ ನಡುವೆಯೇ ಬೆಳೆದವನು. 22ನೆಯ ವಯಸ್ಸಿನಲ್ಲಿ ಎಲ್ಲವನ್ನೂ ಬಿಟ್ಟೆ. ಆಮೇಲಿನ 15 ವರ್ಷ ದೇವರ ನೆನಪೇ ಇಲ್ಲದೆ ಬದುಕಿದೆ, ಕೆಲವರಿಗೆ ಹಣದ ವಿಷಯದಲ್ಲಿ ಮೋಸವನ್ನೂ ಮಾಡಿದೆ. ಕಳೆದ ವರ್ಷ ತಾಯಿ ತೀರಿಕೊಂಡರು, ಕೆಲಸವೂ ಹೋಯಿತು. ಅಂದಿನಿಂದ ಮತ್ತೆ ಪ್ರಾರ್ಥಿಸುತ್ತಿದ್ದೇನೆ, ಆದರೆ ಮನಸ್ಸಿಗೆ ಏನೂ ಅನ್ನಿಸುವುದಿಲ್ಲ. ಕಷ್ಟ ಬಂದಾಗ ಓಡಿಬಂದವನ ಭಕ್ತಿ ನಿಜವಾದದ್ದೇ? ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯ ಓದಿದರೆ ನನ್ನ ಪಾಲಿಗೆ ಬಾಗಿಲು ಮುಚ್ಚಿಹೋಗಿದೆ ಅನ್ನಿಸುತ್ತದೆ. ದೇವರು ನನ್ನನ್ನು ಕಂಡುಕೊಂಡಿದ್ದಾನೆಂದು ಹೇಗೆ ತಿಳಿಯಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಇಬ್ರಿಯರ ಪತ್ರಿಕೆಯ ವಿಷಯವೇ ದೊಡ್ಡದೆನ್ನಿಸಿತು. ಎರಡನೆಯ ಸಲ ಓದಿದಾಗ, ‘ಮನಸ್ಸಿಗೆ ಏನೂ ಅನ್ನಿಸುವುದಿಲ್ಲ’ ಎಂಬ ಮಾತೇ ಉಳಿದ ಭಯಗಳ ಬುಡದಲ್ಲಿದೆ ಎಂದು ತಿಳಿಯಿತು. ದೇವರು ಒಬ್ಬನನ್ನು ಕಂಡುಕೊಂಡರೆ ಅದರ ಗುರುತು ಮೊದಲು ಆ ಮನುಷ್ಯನ ಮನಸ್ಸಿನಲ್ಲಿ ಕಾಣಿಸಬೇಕು, ಕಣ್ಣೀರೋ ಸಮಾಧಾನವೋ ಸಂತೋಷವೋ ಏನಾದರೊಂದು ಉಕ್ಕಿ ಬರಬೇಕು ಎಂದು ನೀವು ಎಣಿಸಿದ್ದೀರಿ. ಸಭೆಯಲ್ಲಿ ತಮ್ಮ ಅನುಭವದ ಸಾಕ್ಷಿ ಹೇಳುವವರ ಮಾತುಗಳನ್ನು ಕೇಳಿ ಕೇಳಿ ಬಹಳ ಮಂದಿ ಹೀಗೆಯೇ ಎಣಿಸುತ್ತಾರೆ. ಆದುದರಿಂದ ನಿಮಗೆ ಭಯ ಹುಟ್ಟಿಸಿದ ವಾಕ್ಯಕ್ಕೆ ಹೋಗುವ ಮುಂಚೆ, ನಾವೆಲ್ಲ ಬಲ್ಲೆವೆಂದುಕೊಂಡಿರುವ ತಪ್ಪಿಹೋದ ಕುರಿಯ ಸಾಮ್ಯವನ್ನೇ, ಎಂದರೆ ದೃಷ್ಟಾಂತಕಥೆಯನ್ನೇ, ನಿಧಾನವಾಗಿ ಓದೋಣ.

ಸುಂಕದವರ ಜೊತೆಯಲ್ಲಿಯೂ ಪಾಪಿಗಳೆನಿಸಿಕೊಂಡವರ ಜೊತೆಯಲ್ಲಿಯೂ ಯೇಸುಸ್ವಾಮಿ ಕೂತು ಊಟ ಮಾಡುತ್ತಾರೆಂದು ಧರ್ಮಶಾಸ್ತ್ರದಲ್ಲಿ ಕಟ್ಟುನಿಟ್ಟಾದ ಫರಿಸಾಯರೂ ಶಾಸ್ತ್ರಿಗಳೂ ಗೊಣಗಿದಾಗ, ಯೇಸುಸ್ವಾಮಿ ಮೂರು ಸಾಮ್ಯಗಳನ್ನು ಒಂದರ ಹಿಂದೊಂದು ಹೇಳಿದರೆಂದು ಲೂಕನ ಸುವಾರ್ತೆಯ 15ನೆಯ ಅಧ್ಯಾಯ ತಿಳಿಸುತ್ತದೆ. 100 ಕುರಿಗಳಲ್ಲಿ ಒಂದು ತಪ್ಪಿಹೋಗುತ್ತದೆ, 10 ಬೆಳ್ಳಿ ನಾಣ್ಯಗಳಲ್ಲಿ ಒಂದು ಕಳೆದುಹೋಗುತ್ತದೆ, ಇಬ್ಬರು ಮಕ್ಕಳಲ್ಲಿ ಕಿರಿಯವನು ದೂರದೇಶಕ್ಕೆ ಹೊರಟುಹೋಗುತ್ತಾನೆ. ಕುರಿಯ ಸಾಮ್ಯದಲ್ಲಿ ಬರುವ ಕೆಲಸಗಳನ್ನು ಒಂದೊಂದಾಗಿ ಗಮನಿಸಿ. ಉಳಿದ 99ನ್ನು ಬಿಟ್ಟು ಹೊರಡುವವನು ಕುರುಬ, ಸಿಗುವ ತನಕ ಹುಡುಕುವವನು ಕುರುಬ, ಹೆಗಲ ಮೇಲೆ ಹೊತ್ತುಕೊಳ್ಳುವವನು ಕುರುಬ, ಮನೆಗೆ ಬಂದು ನೆರೆಹೊರೆಯವರನ್ನು ಕರೆದು ನನ್ನ ಜೊತೆ ಸಂತೋಷಪಡಿರಿ ಎನ್ನುವವನೂ ಕುರುಬನೇ. ಕುರಿಗೆ ಸಂತೋಷವಾಯಿತೆಂದು ಆ ವಾಕ್ಯಗಳಲ್ಲಿ ಎಲ್ಲಿಯೂ ಹೇಳಿಲ್ಲ. ನಾಣ್ಯಕ್ಕಂತೂ ತಾನು ಕಳೆದುಹೋಗಿದ್ದೆನೆಂಬುದೂ ಗೊತ್ತಿಲ್ಲ, ಸಿಕ್ಕಿದೆನೆಂಬುದೂ ಗೊತ್ತಿಲ್ಲ. ದೀಪ ಹಚ್ಚಿ ಮನೆ ಗುಡಿಸಿದವಳಿಗೆ ಗೊತ್ತು. ಈ ಎರಡು ಸಾಮ್ಯಗಳಲ್ಲಿ ಸಂತೋಷವಿರುವುದು ಕಂಡುಕೊಂಡವರಲ್ಲಿ, ಮತ್ತು ಅವರ ಜೊತೆಗೂಡಿದ ಪರಲೋಕದಲ್ಲಿ. ‘ನನಗೆ ಏನೂ ಅನ್ನಿಸುತ್ತಿಲ್ಲ, ಆದ್ದರಿಂದ ನಾನಿನ್ನೂ ಸಿಕ್ಕಿಲ್ಲ’ ಎಂಬ ನಿಮ್ಮ ತರ್ಕಕ್ಕೆ ಈ ಅಧ್ಯಾಯದಲ್ಲಿ ಆಧಾರವಿಲ್ಲ.

ಹೆಗಲ ಮೇಲೆ ಕುರಿ ಹೊತ್ತವನ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಶಿಲುಬೆಯ ಮೇಲಿನ ಕ್ರಿಸ್ತನನ್ನು ಚಿತ್ರಿಸುವ ರೂಢಿ ಹರಡುವುದಕ್ಕೆ ಬಹಳ ಮೊದಲೇ, 3ನೆಯ ಶತಮಾನದಲ್ಲಿ, ರೋಮಿನ ನೆಲಮಾಳಿಗೆ ಸಮಾಧಿಗಳ ಛಾವಣಿಗಳಲ್ಲಿ ಈ ಚಿತ್ರ ಬರೆದಿದ್ದರು. ಸಿರಿಯಾದ ಯೂಫ್ರೆಟಿಸ್ ನದಿಯ ದಡದ ದೂರಾ ಯೂರೋಪಾಸ್ ಪಟ್ಟಣದಲ್ಲಿ ಸಿಕ್ಕ ಮನೆಸಭೆಯಲ್ಲಿಯೂ, ಎಂದರೆ ಆರಾಧನೆಗೆ ಬಳಸುತ್ತಿದ್ದ ಮನೆಯಲ್ಲಿಯೂ, ದೀಕ್ಷಾಸ್ನಾನದ ತೊಟ್ಟಿಯ ಮೇಲ್ಗಡೆ ಕುರಿ ಹೊತ್ತ ಕುರುಬನೇ ಇದ್ದನು. ಆ ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕುರುಬನು ಕುರಿಯ ಮುಂಗಾಲುಗಳನ್ನೂ ಹಿಂಗಾಲುಗಳನ್ನೂ ಎದೆಯ ಮುಂದೆ ತಂದು ಬಿಗಿಯಾಗಿ ಹಿಡಿದಿರುತ್ತಾನೆ, ಕುರಿಯ ಹೊಟ್ಟೆ ಅವನ ಕತ್ತಿನ ಹಿಂಭಾಗಕ್ಕೆ ಒತ್ತಿರುತ್ತದೆ. ಹಾಗೆ ಹೊತ್ತಾಗ ಕುರಿಗೆ ಕುರುಬನ ಮುಖ ಸರಿಯಾಗಿ ಕಾಣುವುದಿಲ್ಲ. ಕಾಲುಗಳು ನೆಲ ಬಿಟ್ಟಿವೆ, ಹಿಡಿತ ಬಿಗಿಯಾಗಿದೆ, ಎಲ್ಲಿಗೆ ಹೋಗುತ್ತಿದ್ದೇನೆಂಬುದು ತಿಳಿಯದು. ತನಗೇನಾಗುತ್ತಿದೆ ಎಂದು ಆ ಹೊತ್ತಿನಲ್ಲಿ ಕುರಿಯನ್ನು ಕೇಳಿದರೆ ಅದು ‘ಸಿಕ್ಕಿದೆ’ ಎನ್ನುವುದಕ್ಕಿಂತ ‘ಸಿಕ್ಕಿಬಿದ್ದೆ’ ಎಂದೇ ಹೇಳೀತು. ತಾಯಿಯನ್ನೂ ಕೆಲಸವನ್ನೂ ಕಳೆದುಕೊಂಡ ವರ್ಷದಲ್ಲಿ ಒಣ ಮನಸ್ಸಿನಿಂದಲೇ ದಿನವೂ ಪ್ರಾರ್ಥನೆಗೆ ಕೂರುತ್ತಿದ್ದೀರಿ ಎಂದರೆ, ನಾನು ಅದನ್ನು ದೇವರ ಗೈರುಹಾಜರಿ ಎಂದು ಓದುವುದಿಲ್ಲ. 15 ವರ್ಷ ಬೇಡವಾಗಿದ್ದ ಪ್ರಾರ್ಥನೆ, ಅದರಿಂದ ಯಾವ ಸುಖವೂ ಸಿಗದಿರುವಾಗಲೂ ಈಗ ನಿಮಗೆ ಬೇಕೆನ್ನಿಸುತ್ತಿದೆ. ಆ ಬಯಕೆಯನ್ನು ನೀವಾಗಿ ಹುಟ್ಟಿಸಿಕೊಂಡದ್ದಲ್ಲ.

ಇನ್ನು ‘ಕಷ್ಟ ಬಂದಾಗ ಓಡಿಬಂದವನ ಭಕ್ತಿ’ ಎಂಬ ಮಾತು. ದೂರದೇಶದಲ್ಲಿದ್ದ ಕಿರಿಯ ಮಗನು ತಂದೆಯನ್ನು ನೆನೆದದ್ದು ಪ್ರೀತಿಯಿಂದಲ್ಲ, ಹಸಿವಿನಿಂದ. ಹಂದಿ ತಿನ್ನುವ ಕಾಯಿಗಳೂ ಅವನಿಗೆ ಸಿಗದಿದ್ದಾಗ, ನನ್ನ ತಂದೆಯ ಮನೆಯಲ್ಲಿ ಕೂಲಿಯವರಿಗೂ ಬೇಕಾದಷ್ಟು ಊಟವಿದೆಯಲ್ಲ ಎಂದುಕೊಂಡು ಅವನು ಎದ್ದನು. ಯೇಸುಸ್ವಾಮಿ ಇದನ್ನು ಮುಚ್ಚಿಡಲಿಲ್ಲ, ಆ ಮಗನ ಉದ್ದೇಶವನ್ನು ಚೆಂದಗೊಳಿಸಲೂ ಇಲ್ಲ. ತಂದೆಯೂ ‘ಯಾಕೆ ಬಂದೆ’ ಎಂದು ಕೇಳಲಿಲ್ಲ. ಮಗನಿನ್ನೂ ದೂರದಲ್ಲಿರುವಾಗಲೇ ಕಂಡು, ಓಡಿಬಂದು, ಕೊರಳಿಗೆ ಬಿದ್ದು ಮುದ್ದಿಟ್ಟನು. ಇಲ್ಲಿ ‘ಕನಿಕರಪಟ್ಟನು’ ಎಂದು ನಾವು ಓದುವ ಗ್ರೀಕ್ ಪದದ ಬೇರು ಒಡಲೊಳಗಿನ ಕರುಳು ಎಂಬ ಅರ್ಥದ್ದು. ಕರುಳು ಚುರುಕ್ಕೆಂದಿತು ಎಂದು ನಾವು ಹೇಳುವುದು ಆ ಪದಕ್ಕೆ ಎಷ್ಟೋ ಹತ್ತಿರ.

ಆ ಮಗ ದಾರಿಯುದ್ದಕ್ಕೂ ಒಂದು ಮಾತನ್ನು ಸಿದ್ಧಮಾಡಿಕೊಂಡು ಬಂದಿದ್ದನು: ಪಾಪ ಮಾಡಿದ್ದೇನೆ, ನಿನ್ನ ಮಗನೆನಿಸಿಕೊಳ್ಳುವುದಕ್ಕೆ ನಾನು ಯೋಗ್ಯನಲ್ಲ, ನನ್ನನ್ನು ನಿನ್ನ ಕೂಲಿಯವರಲ್ಲಿ ಒಬ್ಬನಂತೆ ಇಟ್ಟುಕೋ. ಅವನು ಮನಸ್ಸಿನಲ್ಲಿ ಹೇಳಿಕೊಂಡ 19ನೆಯ ವಚನವನ್ನೂ ತಂದೆಯ ಮುಂದೆ ನುಡಿದ 21ನೆಯ ವಚನವನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ, ಕೂಲಿಯ ಮಾತು ಎರಡನೆಯದರಲ್ಲಿ ಇಲ್ಲ. ತಂದೆ ಅಷ್ಟರೊಳಗೇ ಆಳುಗಳ ಕಡೆಗೆ ತಿರುಗಿ ಶ್ರೇಷ್ಠವಾದ ನಿಲುವಂಗಿಯನ್ನೂ ಉಂಗುರವನ್ನೂ ಜೋಡುಗಳನ್ನೂ ತರಹೇಳುತ್ತಿದ್ದಾನೆ. ತಪ್ಪನ್ನು ಒಪ್ಪಿಕೊಳ್ಳುವ ಮಾತು ಪೂರ್ತಿ ಕೇಳಿಸಿತು, ಮಗನ ಸ್ಥಾನವನ್ನು ಬಿಟ್ಟುಕೊಡುವ ಮಾತಿಗೆ ಮಾತ್ರ ತಂದೆ ಎಡೆಗೊಡಲಿಲ್ಲ. ನಿಮ್ಮ ಪತ್ರದ ತುಂಬ ಇರುವುದು ಆ ಕೂಲಿಯ ಮಾತೇ. ನನ್ನ ಭಕ್ತಿ ಸಾಲದು, ನನ್ನ ಕಾರಣ ಶುದ್ಧವಲ್ಲ, ನನಗೆ ಹೊರಗಿನ ಜಾಗವೇ ಸಾಕು ಎಂದು ಹೇಳುತ್ತಿದ್ದೀರಿ. ಉದ್ದೇಶ ಶುದ್ಧವಾದ ಮೇಲೆ ಬರುತ್ತೇನೆಂದು ಆ ಮಗ ದೂರದೇಶದಲ್ಲೇ ಕೂತಿದ್ದರೆ ಅಲ್ಲಿಯೇ ಸಾಯುತ್ತಿದ್ದನು.

ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ ಕೊಡಬೇಕು. ನಿಮ್ಮನ್ನು ಎಳೆದು ತರುವುದಕ್ಕಾಗಿಯೇ ದೇವರು ನಿಮ್ಮ ತಾಯಿಯನ್ನು ತೆಗೆದುಕೊಂಡನೆಂದು ಯಾರಾದರೂ ಹೇಳಿರಬಹುದು, ಇಲ್ಲವೇ ಮುಂದೆ ಹೇಳಬಹುದು. ಆ ಮಾತನ್ನು ಒಪ್ಪಬೇಡಿ. ದೂರದೇಶದಲ್ಲಿ ಘೋರ ಬರ ಬಂತೆಂದು ಸಾಮ್ಯ ಹೇಳುತ್ತದೆ. ಆ ಬರವನ್ನು ತಂದೆ ಕಳುಹಿಸಿದನೆಂದು ಹೇಳುವುದಿಲ್ಲ. ತಂದೆಗೆ ಸಂಬಂಧಿಸಿದ್ದು ಮನೆಯಲ್ಲಿದ್ದ ಊಟ ಮತ್ತು ದಾರಿ ನೋಡುತ್ತಿದ್ದ ಕಣ್ಣು. ನಿಮ್ಮ ತಾಯಿಯ ಸಾವು ನಿಮಗೆ ಕಲಿಸಿದ ಪಾಠವಾಗಿ ಉಳಿಯುವುದು ಬೇಡ, ಅದು ಅಳಬೇಕಾದ ದುಃಖ. ಮನಸ್ಸು ಮರಗಟ್ಟಿದಂತಿರುವುದಕ್ಕೆ ಅಳದೆ ಉಳಿದ ಆ ದುಃಖವೂ ಒಂದು ಕಾರಣವಿರಬಹುದೆಂದು ನನಗೆ ತೋರುತ್ತದೆ. ಅದನ್ನು ಅವಿಶ್ವಾಸವೆಂದು ಎಣಿಸಬೇಡಿ.

ಹಾಗಾದರೆ ಮರಳಿದವನು ಮನುಷ್ಯನೋ, ಹುಡುಕಿದವನು ದೇವರೋ? ಇದಕ್ಕೆ ನನಗೆ ತಿಳಿದಿರುವ ಅತ್ಯಂತ ಸ್ಪಷ್ಟ ಉತ್ತರ ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ ಜಕ್ಕಾಯನ ಪ್ರಸಂಗದಲ್ಲಿದೆ. ಲೂಕನ 19ನೆಯ ಅಧ್ಯಾಯದ 3ನೆಯ ವಚನದಲ್ಲಿ ಜಕ್ಕಾಯನು ಯೇಸುವನ್ನು ನೋಡಬೇಕೆಂದು ಪ್ರಯತ್ನಿಸುತ್ತಾನೆ; ಗಿಡ್ಡನಾದ್ದರಿಂದ ಜನರ ಗುಂಪಿಗಿಂತ ಮುಂದೆ ಓಡಿಹೋಗಿ ಮರ ಹತ್ತುತ್ತಾನೆ. 10ನೆಯ ವಚನದಲ್ಲಿ, ಕೆಟ್ಟುಹೋದದ್ದನ್ನು ಹುಡುಕಿ ರಕ್ಷಿಸುವುದಕ್ಕೆ ಮನುಷ್ಯಕುಮಾರನು ಬಂದನು ಎಂದು ಯೇಸುಸ್ವಾಮಿ ಹೇಳುತ್ತಾರೆ. ಮೂಲ ಗ್ರೀಕ್ ಭಾಷೆಯಲ್ಲಿ ಈ ಎರಡು ಕಡೆಯೂ ಇರುವುದು ‘ಹುಡುಕು’ ಎಂಬ ಒಂದೇ ಕ್ರಿಯಾಪದ. ಮರ ಹತ್ತಿದವನು ತಾನೇ ಹುಡುಕುತ್ತಿದ್ದೇನೆಂದುಕೊಂಡಿದ್ದನು, ಮರದ ಕೆಳಗೆ ನಿಂತು ತಲೆಯೆತ್ತಿ ಅವನ ಹೆಸರು ಹಿಡಿದು ಕರೆದವರು ತಾವು ಹುಡುಕಿ ಬಂದದ್ದೆಂದು ಹೇಳಿದರು. ಎರಡೂ ನಿಜ, ಆದರೆ ಮೊದಲು ಹೊರಟವನು ದೇವರು. ಏದೆನ್ ತೋಟದಲ್ಲಿ ಮರಗಳ ಹಿಂದೆ ಅಡಗಿದ್ದ ಮನುಷ್ಯನಿಗೆ ಎಲ್ಲಿದ್ದೀ ಎಂಬ ಕೂಗು ಕೇಳಿಸಿದ ದಿನದಿಂದ ಬೈಬಲಿನಲ್ಲಿ ಈ ಅನುಕ್ರಮ ಬದಲಾಗಿಲ್ಲ. ನಂಬಿಕೆಯ ಆರಂಭವೂ, ನಂಬಬೇಕೆಂಬ ಬಯಕೆಯೂ ಕೃಪೆಯ ವರವೇ ಹೊರತು ಮನುಷ್ಯನ ಸ್ವಂತ ಸಾಧನೆಯಲ್ಲ ಎಂದು 529ರಲ್ಲಿ ಫ್ರಾನ್ಸಿನ ಆರೆಂಜ್ ನಗರದಲ್ಲಿ ಸೇರಿದ ಧರ್ಮಸಭೆ ನಿರ್ಣಯಿಸಿದ್ದು ಇದೇ ಆಧಾರದ ಮೇಲೆ.

ಈಗ ಇಬ್ರಿಯರ ಪತ್ರಿಕೆ. ಒಂದು ಸಾರಿ ಬೆಳಕನ್ನು ಹೊಂದಿ, ಪರಲೋಕದ ವರವನ್ನು ಸವಿದು, ಬಳಿಕ ಬಿದ್ದುಹೋದವರನ್ನು ಮತ್ತೆ ಮಾನಸಾಂತರಕ್ಕೆ ತರುವುದು ಅಸಾಧ್ಯವೆಂದು 6ನೆಯ ಅಧ್ಯಾಯದ 4ರಿಂದ 6ರ ತನಕದ ವಚನಗಳು ಹೇಳುತ್ತವೆ. ಇದು ಕಠಿಣವಾದ ವಾಕ್ಯ, ಅದನ್ನು ಮೆದುಮಾಡಿ ನಿಮ್ಮ ಕೈಗಿಡಲಾರೆ. ನಿಮಗಿಂತ ಮುಂಚೆ ಸಾವಿರಾರು ಜನ ಇದೇ ಭಯದಲ್ಲಿ ಇದನ್ನು ಓದಿದ್ದಾರೆ, ಕ್ರೈಸ್ತ ಸಭೆಯೂ ಒಂದು ಕಾಲದಲ್ಲಿ ಇದೇ ಪ್ರಶ್ನೆಯಿಂದ ಇಬ್ಭಾಗವಾಗಿತ್ತು.

ಉತ್ತರ ಆಫ್ರಿಕದ ಕಾರ್ಥೇಜಿನ ಆದಿಕಾಲದ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ತನ್ನ ಜೀವನದ ಕಟ್ಟುನಿಟ್ಟಿನ ಅವಧಿಯಲ್ಲಿ ನಿಮ್ಮ ಭಯವನ್ನೇ ವಾದವಾಗಿ ಮಂಡಿಸಿದ್ದನು. ತಪ್ಪಿಹೋದ ಕುರಿ ಎಂದರೆ ದೇವರನ್ನು ಎಂದೂ ಅರಿಯದಿದ್ದ ಅನ್ಯಜನರು, ದೀಕ್ಷಾಸ್ನಾನ ಪಡೆದ ಮೇಲೆ ಘೋರ ಪಾಪಕ್ಕೆ ಬಿದ್ದ ಕ್ರೈಸ್ತನಲ್ಲ ಎಂದನು. ಸಭೆಯವರು ತಮ್ಮ ಪಾನಪಾತ್ರೆಗಳ ಮೇಲೆ ಕುರುಬನ ಚಿತ್ರ ಬರೆಸಿಕೊಂಡು ಸಮಾಧಾನಪಡುವುದನ್ನು ಹೀಯಾಳಿಸಿದನು. 250ರಲ್ಲಿ ರೋಮಿನ ದೇಕಿಯಸ್ ಚಕ್ರವರ್ತಿಯ ಆಜ್ಞೆಗೆ ಹೆದರಿ ಎಷ್ಟೋ ಕ್ರೈಸ್ತರು ವಿಗ್ರಹಗಳಿಗೆ ಬಲಿಯರ್ಪಿಸಿ, ಹಿಂಸೆ ತಣ್ಣಗಾದ ಮೇಲೆ ಅಳುತ್ತಾ ಸಭೆಯ ಬಾಗಿಲಿಗೆ ಬಂದರು. ಅವರನ್ನು ಒಳಗೆ ಸೇರಿಸಲೇಬಾರದೆಂದು ರೋಮಿನ ಗುರು ನೊವಾಷಿಯನ್ ಬೇರೆಯಾದನು. ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್ ಮೊದಲಾದವರು, ನಿಜವಾದ ಪಶ್ಚಾತ್ತಾಪವಿದ್ದರೆ ಸೇರಿಸಿಕೊಳ್ಳಬೇಕೆಂದರು. ಸಭೆ ನಡೆದದ್ದು ಸಿಪ್ರಿಯನ್ನನ ದಾರಿಯಲ್ಲಿ. 325ರ ನೈಸಿಯ ಮಹಾಸಭೆಯ 11ನೆಯ ನಿಯಮವಂತೂ, ಯಾವ ಬಲವಂತವೂ ಇಲ್ಲದೆ ನಂಬಿಕೆ ತೊರೆದವರನ್ನು ಕುರಿತು, ಅವರು ದಯೆಗೆ ಅರ್ಹರಲ್ಲದಿದ್ದರೂ ಅವರಿಗೆ ದಯೆ ತೋರಿಸಬೇಕು ಎಂದು ಹೇಳಿ, 3, 7 ಮತ್ತು 2 ವರ್ಷಗಳ ಮೂರು ಹಂತಗಳ ದೀರ್ಘ ಪ್ರಾಯಶ್ಚಿತ್ತವನ್ನು ವಿಧಿಸಿತು. ಇಂದು ಯಾವ ಸಭೆಯೂ 12 ವರ್ಷ ಕಾಯಿಸುವುದಿಲ್ಲ. ಆದರೆ ಬಾಗಿಲು ತೆರೆದದ್ದೇ ಎಂಬ ತೀರ್ಮಾನ ಅಂದೇ ಆಗಿಹೋಗಿದೆ. ನೊವಾಷಿಯನ್ನನ ಪಂಗಡದವರು ಇದೇ ವಾಕ್ಯವನ್ನು ಮುಂದೊಡ್ಡಿದಾಗ ಮಿಲಾನಿನ ಧರ್ಮಾಧ್ಯಕ್ಷ ಅಂಬ್ರೋಸ್, ಎರಡನೆಯ ಸಲ ದೀಕ್ಷಾಸ್ನಾನ ಕೊಡುವುದು ಅಸಾಧ್ಯ ಎಂಬುದೇ ಇದರ ಅರ್ಥವೆಂದೂ, ಮನುಷ್ಯರಿಗೆ ಅಸಾಧ್ಯವಾದದ್ದು ದೇವರಿಗೆ ಸಾಧ್ಯವೆಂದೂ ಉತ್ತರಿಸಿದನು.

ನನ್ನ ಸ್ವಂತ ಓದನ್ನೂ ಹೇಳುತ್ತೇನೆ. 6ನೆಯ ವಚನದಲ್ಲಿ ದೇವಕುಮಾರನನ್ನು ಮತ್ತೆ ಶಿಲುಬೆಗೆ ಹಾಕುವ ಕ್ರಿಯೆಯನ್ನು ಹೇಳುವಾಗ ಮೂಲದಲ್ಲಿ ಬಳಸಿರುವ ರೂಪ ಮುಗಿದುಹೋದದ್ದನ್ನಲ್ಲ, ನಡೆಯುತ್ತಿರುವುದನ್ನು ಸೂಚಿಸುತ್ತದೆ. ಕ್ರಿಸ್ತನನ್ನು ಅರಿತೇ ಅವಮಾನಪಡಿಸುತ್ತಾ ಅದರಲ್ಲೇ ನಿಂತಿರುವವನನ್ನು ಯಾರೂ ತಿರುಗಿಸಲಾಗದು ಎಂಬುದು ಅಲ್ಲಿನ ಮಾತು. ಅಂಥವನಿಗೆ ಈ ವಾಕ್ಯ ಓದಿ ಭಯವಾಗುವುದಿಲ್ಲ, ಅವನು ಪ್ರಶ್ನೆ ಬರೆದು ಕಳುಹಿಸುವುದೂ ಇಲ್ಲ. ಮೂರೇ ವಚನ ಮುಂದೆ ಹೋದರೆ ಅದೇ ಲೇಖಕನು ತನ್ನ ಓದುಗರನ್ನು ಪ್ರಿಯರೇ ಎಂದು ಕರೆದು, ನಾವು ಹೀಗೆ ಮಾತಾಡಿದರೂ ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆ ಎನ್ನುತ್ತಾನೆ. ಪ್ರಪಾತದ ಅಂಚಿನಲ್ಲಿ ನೆಟ್ಟ ಎಚ್ಚರಿಕೆಯ ಕಂಬವನ್ನು, ಅಂಚಿನಿಂದ ಹಿಂದಕ್ಕೆ ಬರುತ್ತಿರುವವನು ತನ್ನ ಗೋರಿಯ ಕಲ್ಲೆಂದು ಓದಬಾರದು.

ಬಹಳ ವರ್ಷಗಳ ಹಿಂದೆ ನಾನು ಸೇವೆ ಮಾಡುತ್ತಿದ್ದ ಸಭೆಗೆ ಒಬ್ಬರು ಬರುತ್ತಿದ್ದರು. ಬಾಗಿಲ ಪಕ್ಕದ ಕಡೆಯ ಬೆಂಚಿನಲ್ಲಿ ಕೂರುವರು, ಪ್ರಸಂಗ ಮುಗಿಯುವ ತನಕ ಇರುವರು, ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನವನ್ನು ಆರಂಭಿಸಲು ಮೇಜಿನ ಮೇಲಿನ ಬಿಳಿ ಬಟ್ಟೆಯನ್ನು ನಾನು ಮಡಿಸತೊಡಗಿದ ಕೂಡಲೇ ಎದ್ದು ಹೊರಟುಬಿಡುವರು. ಎಷ್ಟೋ ತಿಂಗಳು ಹೀಗೇ ನಡೆಯಿತು. ಅವರು ಕರ್ತನ ಭೋಜನವನ್ನು ಹಗುರವಾಗಿ ಕಾಣುತ್ತಾರೆಂದು ನಾನು ತಿಳಿದಿದ್ದೆ. ಒಂದು ಮಳೆಯ ದಿನ ಹೊರಗೆ ಹೋಗಲಾಗದೆ ಜಗಲಿಯಲ್ಲೇ ನಿಂತಿದ್ದರು. ಆರಾಧನೆ ಮುಗಿಸಿ ಹೊರಬಂದ ನಾನು ಯಾಕೆ ಎಂದು ಕೇಳಿದಾಗ, ‘ಆ ಮೇಜಿಗೆ ನಾನು ಯೋಗ್ಯನಲ್ಲ ಅಯ್ಯನವರೇ, ಆದರೆ ಅದರಿಂದ ದೂರ ಇರುವುದಕ್ಕೂ ಆಗುತ್ತಿಲ್ಲ’ ಎಂದರು. ತಿಂಗಳುಗಟ್ಟಲೆ ಆ ಬೆಂಚಿಗೆ ಅವರನ್ನು ಕರೆತರುತ್ತಿದ್ದುದು ಯಾರೆಂದು ನಾನು ಗುರುತಿಸಬೇಕಿತ್ತು. ಗುರುತಿಸದೆ ತೀರ್ಪು ಮಾಡಿದ್ದೆ. ಆ ತಪ್ಪು ನನ್ನದು, ಇಂದಿಗೂ ಮರೆತಿಲ್ಲ.

ಮೋಸದ ವಿಷಯ ಉಳಿಯಿತು, ಅದನ್ನು ಹಾರಿಸಿ ಹೋಗುವಂತಿಲ್ಲ. ಜಕ್ಕಾಯನ ಪ್ರಸಂಗದಲ್ಲಿ ಮೊದಲು ಬಂದದ್ದು ಕರೆ, ಆಮೇಲೆ ಬಂದದ್ದು ಲೆಕ್ಕ. ನಾನು ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದು ಅವನು ಹೇಳಿದ್ದು, ಇಂದು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂಬ ಮಾತು ಕೇಳಿದ ಮೇಲೆ. ಕದ್ದ ಕುರಿಯನ್ನು ಕೊಂದವನೋ ಮಾರಿದವನೋ ಒಂದಕ್ಕೆ ನಾಲ್ಕು ಕುರಿ ಕೊಡಬೇಕೆಂದು ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿದೆ. ತಾನಾಗಿ ಒಪ್ಪಿಕೊಂಡವನು ಅಸಲಿನ ಜೊತೆಗೆ ಐದನೆಯ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂದು ಅರಣ್ಯಕಾಂಡದ 5ನೆಯ ಅಧ್ಯಾಯದಲ್ಲಿದೆ. ಜಕ್ಕಾಯನು ಸಾಕೆನ್ನುವ ಲೆಕ್ಕವನ್ನು ಹಿಡಿಯಲಿಲ್ಲ. ನೀವು ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಒಂದು ಕಾಗದದಲ್ಲಿ ಬರೆಯಿರಿ. ಕೆಲಸವಿಲ್ಲದ ಈ ಹೊತ್ತಿನಲ್ಲಿ ಎಲ್ಲವನ್ನೂ ತೀರಿಸಲಾಗದು. ಆದರೆ ಒಬ್ಬರನ್ನು ಹುಡುಕಿ ಹೋಗಿ, ಇಂಥ ಮೋಸ ಮಾಡಿದೆ, ಇಷ್ಟು ಬಾಕಿಯಿದೆ, ಹೀಗೆ ತೀರಿಸುತ್ತೇನೆ ಎಂದು ಹೇಳಲಾದೀತು. ಅವರು ಕ್ಷಮಿಸಲೇಬೇಕೆಂದು ನಿರೀಕ್ಷಿಸಬೇಡಿ, ಅದು ಅವರಿಗೆ ಬಿಟ್ಟದ್ದು. ಇದನ್ನು ಮಾಡಿದರೆ ದೇವರು ನಿಮ್ಮನ್ನು ಕಂಡುಕೊಳ್ಳುತ್ತಾನೆಂದಲ್ಲ. ಹೆಗಲ ಮೇಲಿರುವವನಿಗೆ ಕುರುಬ ಹೋಗುವ ದಾರಿಯೇ ದಾರಿ, ಮತ್ತು ಆತ ನೊಂದವರ ಮನೆಯ ಮುಂದಿನಿಂದಲೇ ಹೋಗುತ್ತಾನೆ.

ಈ ಬದಲಾವಣೆ ಒಂದೇ ದಿನದಲ್ಲಿ ಆಗದಿದ್ದರೆ ಎದೆಗುಂದಬೇಡಿ, ಆದರೆ ನಿಧಾನವನ್ನು ನೆಪ ಮಾಡಿಕೊಳ್ಳಲೂಬೇಡಿ. ನಾವಿಕನಾಗಿದ್ದು ಮುಂದೆ ಸಭಾಪಾಲಕನಾದ ಇಂಗ್ಲೆಂಡಿನ ಜಾನ್ ನ್ಯೂಟನ್ನನ ಬದುಕಿನಲ್ಲಿ ಇವೆರಡೂ ಕಾಣುತ್ತವೆ. 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ಹಡಗು ಮುಳುಗುವಂತಾದಾಗ ಅವನು ದೇವರಿಗೆ ಮೊರೆಯಿಟ್ಟನು, ಆ ದಿನವನ್ನು ಜೀವನವಿಡೀ ನೆನೆದನು. ಆದರೂ 1754ರ ತನಕ ಗುಲಾಮರನ್ನು ಸಾಗಿಸುವ ಹಡಗುಗಳಲ್ಲೇ, ನಾಯಕನಾಗಿಯೂ, ದುಡಿದನು. ಕಳೆದುಹೋಗಿದ್ದೆ, ಸಿಕ್ಕಿದೆ ಎಂದು ಹಾಡುವ ಅವನ ಪ್ರಸಿದ್ಧ ಕೀರ್ತನೆ ‘ಅಮೇಜಿಂಗ್ ಗ್ರೇಸ್’ 1773ರ ಹೊಸ ವರ್ಷದ ಆರಾಧನೆಗೆಂದು ಬರೆದದ್ದು. ಗುಲಾಮರ ವ್ಯಾಪಾರದಲ್ಲಿ ತನ್ನ ಪಾಲನ್ನು ಬಹಿರಂಗವಾಗಿ ಒಪ್ಪಿಕೊಂಡು ಅದರ ವಿರುದ್ಧ ಪುಸ್ತಿಕೆ ಪ್ರಕಟಿಸಿದ್ದು 1788ರಲ್ಲಿ, ಬಿರುಗಾಳಿಯಾದ 40 ವರ್ಷಗಳ ಮೇಲೆ. ದೇವರು ಅವನನ್ನು ಕಂಡುಕೊಂಡದ್ದು ನಿಜ. ಆ 40 ವರ್ಷಗಳಲ್ಲಿ ಹಡಗಿನ ಕೆಳಗಿನ ಅಂಕಣದಲ್ಲಿ ಸರಪಳಿಯಲ್ಲಿದ್ದವರಿಗೆ ಅವನ ನಿಧಾನದ ಬೆಲೆ ಬಿದ್ದದ್ದೂ ನಿಜ. ನಿಮ್ಮಿಂದ ಮೋಸಹೋದವರನ್ನು ಅಷ್ಟು ಕಾಯಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಸಭೆಗೆ ಹೋದಾಗ ಹಿರಿಯ ಮಗನ ಮನಸ್ಸಿನವರೂ ಸಿಕ್ಕಾರು. ಆ ಹಿರಿಯವನು ತಮ್ಮನನ್ನು ತಮ್ಮ ಎನ್ನದೆ ‘ನಿನ್ನ ಈ ಮಗ’ ಎಂದು ತಂದೆಗೆ ಹೇಳುತ್ತಾನೆ. ತಂದೆ ಅದೇ ಮಾತನ್ನು ತಿದ್ದಿ ‘ಈ ನಿನ್ನ ತಮ್ಮ’ ಎನ್ನುತ್ತಾನೆ. ನೀವು ಯಾರೆಂಬುದನ್ನು ಆ ಎರಡನೆಯ ಮಾತಿನಿಂದ ತಿಳಿದುಕೊಳ್ಳಿ. ಎಲ್ಲರಿಗೂ ನಿಮ್ಮ ಕಥೆ ಹೇಳಬೇಕಾಗಿಲ್ಲ. ನಿಮ್ಮದು ಕಥೋಲಿಕ ಸಭೆಯಾದರೆ ಗುರುಗಳ ಬಳಿ ಪಾಪನಿವೇದನೆ ಮಾಡಿ, ಬೇರೆ ಸಭೆಯಾದರೆ ನಂಬಿಕಸ್ಥರಾದ ಸಭಾಪಾಲಕರೊಬ್ಬರ ಮುಂದೆ ಕೂತು 15 ವರ್ಷಗಳನ್ನು ಹೆಸರು ಹಿಡಿದು ಹೇಳಿ. ಚಿಕ್ಕಂದಿನಲ್ಲಿ ಪಡೆದ ದೀಕ್ಷಾಸ್ನಾನದ ಬಗ್ಗೆ ನಿಮ್ಮ ಸಭೆಯವರ ಬೋಧನೆಯನ್ನು ಅವರಿಂದಲೇ ಕೇಳಿ. ಮಗನು ಮನೆಗೆ ಬಂದಾಗ ಅವನನ್ನು ಮತ್ತೆ ಹೆರಬೇಕಾಗಿರಲಿಲ್ಲ ಎಂಬುದು ನನ್ನ ನಿಲುವು.

ಪ್ರಾರ್ಥನೆಗೆ ಮಾತು ಸಿಗದ ದಿನಗಳಿಗಾಗಿ 119ನೆಯ ಕೀರ್ತನೆಯ ಕಡೆಯ ವಚನವನ್ನು ಬಾಯಿಪಾಠ ಮಾಡಿಕೊಳ್ಳಿ. ಕೀರ್ತನೆಗಳಲ್ಲೆಲ್ಲ ಅದು ಅತಿ ಉದ್ದದ್ದು. 175 ವಚನಗಳ ತನಕ ದೇವರ ಆಜ್ಞೆಗಳ ಮೇಲಿನ ಪ್ರೀತಿಯನ್ನೇ ಹಾಡಿದ ಭಕ್ತನು 176ನೆಯದರಲ್ಲಿ, ತಪ್ಪಿಹೋದ ಕುರಿಯಂತೆ ಅಲೆದಿದ್ದೇನೆ, ನಿನ್ನ ದಾಸನನ್ನು ಹುಡುಕು ಎನ್ನುತ್ತಾನೆ. ನಿನ್ನನ್ನು ಹುಡುಕುತ್ತೇನೆ ಎಂದು ಅವನು ಅಲ್ಲಿ ಹೇಳುವುದಿಲ್ಲ. ಇದ್ದಲ್ಲಿಂದಲೇ ಕೂಗುತ್ತಾನೆ.